ದುಡಿದ ದೇಹಕ್ಕೂ ವ್ಯಾಯಾಮ ಬೇಕೇ?

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದರು. ಶಾಲೆಯ ಹಳೆಯ ನೆನಪುಗಳನ್ನು ಬರೆಯುವವರು ಅನೇಕರಿದ್ದಾರೆ, ನಾನು ಒಂದು ಪಾಠವನ್ನೇ ಬರೆಯುತ್ತೇನೆ ಎಂದು ಅರಿಕೆ ಮಾಡಿಕೊಂಡೆ. ಜೀವಮಾನವೆಲ್ಲ ಪಾಠ ಹೇಳಿದವನಿಗೆ ಬೇರೆ ವಿದ್ಯೆ ಬಾರದು. ಆದರೆ ಈ ಸಲದ ಪಾಠ ಮಕ್ಕಳಿಗಲ್ಲ. ಐವತ್ತು ವರ್ಷಗಳ ಹಿಂದೆ ಮಕ್ಕಳ ಕೈಹಿಡಿದು ಶಾಲೆಯ ಬಾಗಿಲಿಗೆ ಬಂದ ತಂದೆತಾಯಿಗಳಿಗೆ ಈ ಪಾಠ. ಆಗ ಮಕ್ಕಳಾಗಿದ್ದು ಈಗ ಅರವತ್ತರ ಹೊಸ್ತಿಲಿಗೆ ಬಂದಿರುವ ನಮ್ಮ ಮೊದಲ ತಂಡಗಳ ವಿದ್ಯಾರ್ಥಿಗಳಿಗೂ ಈ ಪಾಠ.

ನಾನು ಕನ್ನಡ ಮಾಧ್ಯಮದಲ್ಲಿ ಮೆಟ್ರಿಕ್‌ವರೆಗೆ ಓದಿದವನು, ವೈದ್ಯನಲ್ಲ. ಎಪ್ಪತ್ತು ದಾಟಿದ ಮೇಲೆ ನನ್ನ ಮೊಣಕಾಲುಗಳು ನನಗೆ ಕೇಳಿದ ಪ್ರಶ್ನೆಗಳಿಗೆ ಉತ್ತರ ಹುಡುಕುತ್ತ ಓದಿದ್ದನ್ನು, ವೈದ್ಯರನ್ನು ಕೇಳಿ ತಿಳಿದುಕೊಂಡದ್ದನ್ನು ಇಲ್ಲಿ ಕ್ರಮವಾಗಿ ಹೇಳುವ ಪ್ರಯತ್ನ ಮಾಡಿದ್ದೇನೆ.

ಹಿರಿಯರು ಕೇಳುವ ಪ್ರಶ್ನೆ

ಕುಂಡಯಿ, ಮಾರ್ದೋಳ, ಮಡಕಯಿ, ಫೋಂಡಾ ಈ ಸುತ್ತಿನ ಕನ್ನಡ ಕುಟುಂಬಗಳಲ್ಲಿ ಹೆಚ್ಚಿನವು ವಿಜಯಪುರ, ಬಾಗಲಕೋಟೆ, ಗದಗ, ಹಾವೇರಿ, ಕೊಪ್ಪಳದ ಕಡೆಯಿಂದ ಹೊಟ್ಟೆಪಾಡಿಗಾಗಿ ಬಂದವು. 1961ರಲ್ಲಿ ಗೋವಾ ವಿಮೋಚನೆಯಾದ ಮೇಲೆ ಇಲ್ಲಿ ರಸ್ತೆಗಳಾದವು, ಕಟ್ಟಡಗಳೆದ್ದವು, ಗಣಿಗಳು ಬೆಳೆದವು. ಕುಂಡಯಿಯ ದಿಬ್ಬದ ಮೇಲೆ ಕೈಗಾರಿಕಾ ವಸಾಹತು ಬಂತು. ಆ ಕೆಲಸಗಳಲ್ಲೆಲ್ಲ ನಮ್ಮವರ ಬೆವರಿದೆ. ಕಲ್ಲು ಒಡೆದವರು, ಕಾಂಕ್ರೀಟು ಹೊತ್ತವರು, ಅದಿರು ತುಂಬಿದವರು, ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮಾಡಿದವರು, ಹತ್ತು ಮನೆಗಳ ಪಾತ್ರೆ ತೊಳೆದ ತಾಯಂದಿರು, ಇವರೇ ನಮ್ಮ ಶಾಲೆಯ ಪಾಲಕರು.

ಇಂಥ ಹಿರಿಯರೊಬ್ಬರಿಗೆ ವ್ಯಾಯಾಮದ ಮಾತು ಹೇಳಿದರೆ ಬರುವ ಉತ್ತರ ಒಂದೇ: “ಗುರುಗಳ, ಸಣ್ಣಾಂವಿದ್ದಾಗಿಂದ ದುಡದ ಮೈ ಐತಿ ಇದು. ಇದಕ್ಕ ಮತ್ತ ಕಸರತ್ತು ಯಾಕ ಬೇಕ್ರಿ?” ತಾಯಂದಿರು, “ಮನಿ ಕೆಲಸಾನ ಬೇಕಾದಷ್ಟು ಆಗತೈತ್ರಿ” ಎನ್ನುತ್ತಾರೆ. ಈ ಮಾತನ್ನು ನಕ್ಕು ಬಿಡುವಂತಿಲ್ಲ. ಅದರಲ್ಲಿ ನ್ಯಾಯವಿದೆ. ಜೀವನವಿಡೀ ದೇಹ ಸವೆಸಿದವನು ಕೊನೆಗಾಲದಲ್ಲಿ ವಿಶ್ರಾಂತಿ ಬಯಸುವುದು ಸಹಜ. ಆದರೆ ದುಡಿತವನ್ನು ಬಿಟ್ಟು ಕಟ್ಟೆಯ ಮೇಲೆ ಕುಳಿತ ಮೂರು ನಾಲ್ಕು ವರ್ಷಗಳಲ್ಲಿ, ಕ್ವಿಂಟಲ್ ಭಾರ ಹೊತ್ತ ಅದೇ ದೇಹ ಕುರ್ಚಿಯಿಂದ ಎದ್ದೇಳಲು ಮಗನ ತೋಳನ್ನು ಹುಡುಕುವುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ. 2012ರ ಸೆಪ್ಟೆಂಬರಿನಲ್ಲಿ ಗೋವಾದಲ್ಲಿ ಕಬ್ಬಿಣದ ಅದಿರಿನ ಗಣಿಗಾರಿಕೆ ನಿಂತಿತು. ಆಗ ಐವತ್ತೈದು ಅರವತ್ತರ ಪ್ರಾಯದಲ್ಲಿ ಒಮ್ಮೆಲೇ ಮನೆಯಲ್ಲಿ ಕುಳಿತ ಅನೇಕರು ಈಗ ಎಪ್ಪತ್ತರ ಸುಮಾರಿಗೆ ಬಂದಿದ್ದಾರೆ. ಅವರನ್ನು ನೋಡಿದಾಗಲೆಲ್ಲ ಆ ಪ್ರಶ್ನೆಗೆ ಸರಿಯಾದ ಉತ್ತರ ಕೊಡಲೇಬೇಕೆನಿಸುತ್ತದೆ.

ಮುಪ್ಪಿನ ಪಾಲೆಷ್ಟು, ಜಡತ್ವದ ಪಾಲೆಷ್ಟು?

ವಯಸ್ಸಾದಂತೆ ಶಕ್ತಿ ಕುಂದುವುದು ನಿಜ. ಐವತ್ತು ದಾಟಿದ ಮೇಲೆ ಮೈಯ ಸ್ನಾಯು, ಅಂದರೆ ಮಾಂಸಖಂಡ, ವರ್ಷಕ್ಕೆ ನೂರಕ್ಕೆ ಒಂದರಷ್ಟಾದರೂ ಕರಗುತ್ತ ಹೋಗುತ್ತದೆ. ಅದರ ಬಲ ಅದಕ್ಕಿಂತಲೂ ವೇಗವಾಗಿ ಇಳಿಯುತ್ತದೆ. ಈ ಸ್ಥಿತಿಗೆ 1989ರಲ್ಲಿ ವಿಜ್ಞಾನಿಗಳು ‘ಸಾರ್ಕೋಪೀನಿಯಾ’ ಎಂಬ ಗ್ರೀಕ್ ಮೂಲದ ಹೆಸರಿಟ್ಟರು. ಮಾಂಸದ ಕೊರತೆ ಎಂಬುದೇ ಅದರ ಅರ್ಥ. ಆದರೆ ನಾವು ಮುಪ್ಪೆಂದು ತಿಳಿದಿರುವುದರಲ್ಲಿ ನಿಜವಾದ ಮುಪ್ಪಿನ ಪಾಲೆಷ್ಟು, ಸುಮ್ಮನೆ ಕುಳಿತದ್ದರ ಪಾಲೆಷ್ಟು ಎಂಬುದನ್ನು ಒಂದು ಪ್ರಯೋಗ ಬಹಳ ಚೆನ್ನಾಗಿ ತೋರಿಸಿತು.

1966ರಲ್ಲಿ ಅಮೆರಿಕದ ಡಲ್ಲಾಸ್ ನಗರದಲ್ಲಿ ಇಪ್ಪತ್ತು ವರ್ಷ ವಯಸ್ಸಿನ ಐವರು ಆರೋಗ್ಯವಂತ ತರುಣರನ್ನು ಮೂರು ವಾರ ಹಾಸಿಗೆಯಲ್ಲಿ ಮಲಗಿಸಲಾಯಿತು. ಅವರ ಹೃದಯ, ಶ್ವಾಸಕೋಶ, ಸ್ನಾಯುಗಳು ಸೇರಿ ಎಷ್ಟು ಕೆಲಸ ಮಾಡಬಲ್ಲವೆಂಬುದನ್ನು ಮೊದಲೂ ಆಮೇಲೂ ಅಳೆದರು. ಮೂವತ್ತು ವರ್ಷಗಳ ನಂತರ, ಐವತ್ತರ ವಯಸ್ಸಿನಲ್ಲಿ, ಅದೇ ಐವರನ್ನು ಮತ್ತೆ ಕರೆಸಿ ಅಳೆದರು. ಮೂವತ್ತು ವರ್ಷಗಳ ವಯೋಮಾನ ಕಸಿದುಕೊಂಡ ಶಕ್ತಿಗಿಂತ ಆ ಮೂರು ವಾರಗಳ ಹಾಸಿಗೆ ಕಸಿದುಕೊಂಡ ಶಕ್ತಿಯೇ ಹೆಚ್ಚಾಗಿತ್ತು. ಆ ಬಳಿಕ ಆರು ತಿಂಗಳು ಅವರು ನಡಿಗೆ, ನಿಧಾನ ಓಟ, ಸೈಕಲ್ ಇವುಗಳನ್ನು ಸ್ವಲ್ಪಸ್ವಲ್ಪವಾಗಿ ಏರಿಸುತ್ತ ಮಾಡಿದರು. ಮೂವತ್ತು ವರ್ಷಗಳಲ್ಲಿ ಕಳೆದುಹೋದದ್ದು ಮರಳಿ ಬಂತು.

ಇಪ್ಪತ್ತರ ತರುಣರ ಗತಿಯೇ ಹೀಗಾದರೆ ಹಿರಿಯರದು ಹೇಗೆ? 2007ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ಆರೋಗ್ಯವಂತ ಹಿರಿಯರು ಹತ್ತು ದಿನ ಮಾತ್ರ ಹಾಸಿಗೆಯಲ್ಲಿದ್ದರು. ಅಷ್ಟರಲ್ಲಿ ಅವರ ಎರಡು ಕಾಲುಗಳಿಂದ ಸುಮಾರು ಒಂದು ಕಿಲೋ ಮಾಂಸ ಕರಗಿಹೋಗಿತ್ತು. ಜ್ವರ ಬಂದು ವಾರ ಮಲಗಿದ ಅಜ್ಜ ಜ್ವರ ಬಿಟ್ಟರೂ ನಡೆಯಲಾರದೆ ಹೋಗುವುದೇಕೆಂಬುದಕ್ಕೆ ಇದೇ ಕಾರಣ. ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು ಎಂಬ ಗಾದೆ ಹಣಕ್ಕೆ ಮಾತ್ರವಲ್ಲ, ಮೈಬಲಕ್ಕೂ ಸಲ್ಲುತ್ತದೆ. ಮೂವತ್ತು ವರ್ಷ ದುಡಿದು ಗಳಿಸಿದ ಸ್ನಾಯುವನ್ನು ಯಾವ ಬ್ಯಾಂಕಿನಲ್ಲಿಯೂ ಇಟ್ಟುಕೊಳ್ಳಲಾಗದು. ಬಳಸುತ್ತಿರುವ ತನಕ ಅದು ನಮ್ಮದು.

ಹಮಾಲನೂ ಪೈಲವಾನನೂ

ಇನ್ನು ಪ್ರಶ್ನೆಯ ತಿರುಳಿಗೆ ಬರೋಣ. ದುಡಿತವೂ ಮೈ ದಂಡಿಸುವುದೇ, ವ್ಯಾಯಾಮವೂ ಮೈ ದಂಡಿಸುವುದೇ. ಎರಡಕ್ಕೂ ಏನು ಭೇದ?

ನಮ್ಮ ಉತ್ತರ ಕರ್ನಾಟಕದ ಊರುಗಳಲ್ಲಿ ಗರಡಿಮನೆಗಳಿದ್ದವು, ಇಂದಿಗೂ ಕೆಲವೆಡೆ ಇವೆ. ಅಲ್ಲಿ ಪೈಲವಾನ ಗುಂಡುಕಲ್ಲು ಎತ್ತುತ್ತಾನೆ. ಸಂತೆಯಲ್ಲಿ ಹಮಾಲ ಚೀಲ ಎತ್ತುತ್ತಾನೆ. ಭಾರ ಇಬ್ಬರಿಗೂ ಒಂದೇ ಇರಬಹುದು. ಆದರೆ ಪೈಲವಾನ ಬೆಳಿಗ್ಗೆ ಒಂದೆರಡು ಗಂಟೆ ದಂಡ, ಬಸ್ಕಿ, ಕಲ್ಲು ಎಂದು ಬೇರೆ ಬೇರೆ ಅಂಗಗಳಿಗೆ ಕೆಲಸ ಕೊಡುತ್ತಾನೆ. ಇಂದು ಇಷ್ಟು, ಬರುವ ವಾರ ಇನ್ನಷ್ಟು ಎಂದು ವಸ್ತಾದನ ಮಾತಿನಂತೆ ಏರಿಸುತ್ತಾನೆ. ಆಮೇಲೆ ಮೈ ಉಜ್ಜಿಸಿಕೊಂಡು, ಹಾಲು ಕುಡಿದು, ವಿಶ್ರಾಂತಿ ಪಡೆಯುತ್ತಾನೆ. ಆ ವಿಶ್ರಾಂತಿಯಲ್ಲಿಯೇ ಸ್ನಾಯು ಬೆಳೆಯುತ್ತದೆ. ಹಮಾಲನಾದರೋ ದಿನಕ್ಕೆ ಹತ್ತು ತಾಸು, ಅದೇ ಹೆಗಲಿಗೆ, ಅದೇ ಬೆನ್ನಿಗೆ, ಬಿಸಿಲಲ್ಲಿ, ಅರೆಹೊಟ್ಟೆಯಲ್ಲಿ ಭಾರ ಹಾಕುತ್ತಾನೆ. ದಣಿದೆನೆಂದು ನಿಲ್ಲುವ ಸ್ವಾತಂತ್ರ್ಯ ಅವನಿಗಿಲ್ಲ. ಪೈಲವಾನನಲ್ಲಿ ಕಲ್ಲು ದೇಹಕ್ಕಾಗಿ. ಹಮಾಲನಲ್ಲಿ ದೇಹ ಚೀಲಕ್ಕಾಗಿ.

ಈ ಭೇದವನ್ನು ವೈದ್ಯವಿಜ್ಞಾನವೂ ಕಂಡುಕೊಂಡಿದೆ. 1953ರಲ್ಲಿ ಲಂಡನ್ನಿನ ಜೆರೆಮಿ ಮಾರಿಸ್ ಎಂಬ ವೈದ್ಯವಿಜ್ಞಾನಿ ಬಸ್ಸು ಚಾಲಕರನ್ನೂ ನಿರ್ವಾಹಕರನ್ನೂ ಹೋಲಿಸಿ ನೋಡಿದರು. ದಿನವಿಡೀ ಕುಳಿತಿರುವ ಚಾಲಕರಿಗಿಂತ, ಎರಡು ಅಂತಸ್ತಿನ ಬಸ್ಸಿನ ಮೆಟ್ಟಿಲು ಹತ್ತಿಳಿಯುತ್ತ ಟಿಕೇಟು ಕೊಡುವ ನಿರ್ವಾಹಕರಲ್ಲಿ ಹೃದ್ರೋಗ ಕಡಿಮೆಯಿತ್ತು. ಚಲನೆಯಿಂದ ಹಿತವಿದೆ ಎಂಬುದಕ್ಕೆ ಇದು ಮೊದಲ ದೊಡ್ಡ ಸಾಕ್ಷ್ಯಗಳಲ್ಲೊಂದು. ಆದರೆ 2021ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್ನಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ವರ್ಷಗಟ್ಟಲೆ ಗಮನಿಸಿ ಪ್ರಕಟಿಸಿದ ಅಧ್ಯಯನ ಇನ್ನೊಂದು ಮುಖವನ್ನು ತೋರಿಸಿತು. ಬಿಡುವಿನ ವೇಳೆಯಲ್ಲಿ ಮಾಡುವ ವ್ಯಾಯಾಮ ಹೆಚ್ಚಾದಂತೆ ಹೃದಯಾಘಾತವೂ ಸಾವೂ ಕಡಿಮೆಯಾದವು. ಹೊಟ್ಟೆಪಾಡಿನ ಕೆಲಸದಲ್ಲಿ ಶರೀರಶ್ರಮ ಹೆಚ್ಚಾದಂತೆ ಅವೇ ಅಪಾಯಗಳು ಹೆಚ್ಚಾದವು. ದೀರ್ಘಕಾಲ ಭಾರ ಎತ್ತುವಾಗ ರಕ್ತದೊತ್ತಡವೂ ನಾಡಿಯ ವೇಗವೂ ತಾಸುಗಟ್ಟಲೆ ಏರಿಯೇ ಇರುತ್ತವೆ, ಸುಧಾರಿಸಿಕೊಳ್ಳಲು ಬಿಡುವು ಸಿಗದು ಎಂಬುದು ತಜ್ಞರು ಕೊಡುವ ಒಂದು ಕಾರಣ.

ಆದುದರಿಂದ ನಮ್ಮ ಹಿರಿಯರ ಪ್ರಶ್ನೆಗೆ ಉತ್ತರ ಹೀಗೆ: ನೀವು ದುಡಿದದ್ದು ಸತ್ಯ, ಆ ದುಡಿತದಿಂದ ಮನೆಗಳು ನಿಂತವು, ಮಕ್ಕಳು ಓದಿದರು. ಆದರೆ ಆ ದುಡಿತ ದೇಹವನ್ನು ಬಳಸಿಕೊಂಡಿತು, ದೇಹವನ್ನು ಸಾಕಲಿಲ್ಲ. ವ್ಯಾಯಾಮವೆಂದರೆ ದೇಹವನ್ನು ಸಾಕುವ ಕೆಲಸ. ಹೆಚ್ಚು ದುಡಿದವರಿಗೆ ಅದು ಹೆಚ್ಚು ಅಗತ್ಯವೇ ಹೊರತು ಕಡಿಮೆಯಲ್ಲ.

ಈಗ ತಡವಾಯಿತೇ?

ಇಲ್ಲವೆನ್ನಲು ಗಟ್ಟಿಯಾದ ಆಧಾರಗಳಿವೆ. 1990ರಲ್ಲಿ ಬಾಸ್ಟನ್ ನಗರದ ವೃದ್ಧರ ಆರೈಕೆ ಕೇಂದ್ರವೊಂದರಲ್ಲಿ ತೊಂಬತ್ತರ ಪ್ರಾಯದ ಹತ್ತು ಮಂದಿ ದುರ್ಬಲ ವೃದ್ಧರಿಗೆ ಎಂಟು ವಾರ ಕಾಲುಗಳಿಂದ ಭಾರ ಎತ್ತುವ ಶಿಕ್ಷಣ ಕೊಟ್ಟರು. ಅದನ್ನು ಪೂರ್ಣಗೊಳಿಸಿದವರ ಕಾಲಿನ ಬಲ ಸರಾಸರಿ ನೂರಕ್ಕೆ 174ರಷ್ಟು ಹೆಚ್ಚಿತು. ಅಂದರೆ ಮೊದಲಿನ ಎರಡೂವರೆ ಪಟ್ಟಿಗೂ ಮಿಕ್ಕಿತು. 1994ರಲ್ಲಿ ಅದೇ ತಂಡದವರು ಸರಾಸರಿ 87 ವರ್ಷದ ನೂರು ಮಂದಿಯ ಮೇಲೆ ಹತ್ತು ವಾರಗಳ ಪ್ರಯೋಗ ನಡೆಸಿದಾಗ, ಶಿಕ್ಷಣ ಪಡೆದವರಲ್ಲಿ ಬಲ ಇಮ್ಮಡಿಗೂ ಹೆಚ್ಚಾಯಿತು, ನಡಿಗೆಯ ವೇಗ ಹೆಚ್ಚಿತು, ಮೆಟ್ಟಿಲು ಹತ್ತುವ ಶಕ್ತಿ ಕಾಲು ಭಾಗಕ್ಕೂ ಮೀರಿ ಬೆಳೆಯಿತು.

2014ರಲ್ಲಿ ಪ್ರಕಟವಾದ ಅಮೆರಿಕದ ಒಂದು ದೊಡ್ಡ ಪ್ರಯೋಗದಲ್ಲಿ 70ರಿಂದ 89 ವರ್ಷದ, ಕುಳಿತೇ ಕಾಲ ಕಳೆಯುತ್ತಿದ್ದ 1635 ಸ್ತ್ರೀಪುರುಷರು ಭಾಗವಹಿಸಿದರು. ಒಂದು ಗುಂಪಿಗೆ ನಡಿಗೆ ಮತ್ತು ಬಲವರ್ಧನೆಯ ವ್ಯಾಯಾಮ; ಇನ್ನೊಂದು ಗುಂಪಿಗೆ ಮುಖ್ಯವಾಗಿ ಆರೋಗ್ಯದ ಉಪನ್ಯಾಸ. ಎರಡೂವರೆ ವರ್ಷಗಳ ಸುಮಾರಿನಲ್ಲಿ, 400 ಮೀಟರ್ ನಡೆಯಲಾರದ ಸ್ಥಿತಿಗೆ ಬಂದವರು ಉಪನ್ಯಾಸದ ಗುಂಪಿನಲ್ಲಿ ನೂರಕ್ಕೆ 35.5, ವ್ಯಾಯಾಮದ ಗುಂಪಿನಲ್ಲಿ 30.1. ನೋಡಲು ಅಂತರ ಸಣ್ಣದು. ಆದರೆ ನೂರು ಮನೆಗಳಲ್ಲಿ ಐದು ಮನೆಗಳ ಅಜ್ಜಿ ಅಥವಾ ಅಜ್ಜ ತಾವೇ ನಡೆದು ಅಂಗಡಿಗೆ, ಗುಡಿಗೆ ಹೋಗಬಲ್ಲರೆಂದರೆ ಆ ಮನೆಗಳಿಗೆ ಅದು ಸಣ್ಣ ಮಾತಲ್ಲ. ಉಪನ್ಯಾಸ ಕೇಳಿದರೆ ಕಾಲು ಗಟ್ಟಿಯಾಗದು ಎಂಬುದನ್ನೂ ಈ ಪ್ರಯೋಗ ಹೇಳುತ್ತದೆ. ಈ ಲೇಖನವನ್ನು ಓದಿದವರೂ ಇದನ್ನು ಮನಸ್ಸಿನಲ್ಲಿಡಬೇಕು!

ಶರೀರಕ್ಕೆ ಆಗುವ ಲಾಭಗಳು

ಮೊದಲನೆಯದು, ಬೀಳುವ ಭಯದಿಂದ ಬಿಡುಗಡೆ. ತೊಡೆಯೆಲುಬು ಸೊಂಟಕ್ಕೆ ಸೇರುವಲ್ಲಿ ಮುರಿದರೆ ಬಾಂಬೋಳಿಯ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಓಡಬೇಕು; ಶಸ್ತ್ರಚಿಕಿತ್ಸೆ, ತಿಂಗಳುಗಟ್ಟಲೆ ಆರೈಕೆ. ಮಗ ಒಂದು ಪಾಳಿ, ಸೊಸೆ ಇನ್ನೊಂದು ಪಾಳಿಯಲ್ಲಿ ದುಡಿಯುವ ನಮ್ಮ ಮನೆಗಳಲ್ಲಿ ಎತ್ತಿ ಕೂರಿಸುವವರು ಯಾರು? ಅಣ್ಣತಮ್ಮಂದಿರು, ನೆಂಟರಿಷ್ಟರು ಘಟ್ಟದ ಆಚೆ ಊರಲ್ಲಿದ್ದಾರೆ. ನೂರಕ್ಕೂ ಹೆಚ್ಚು ಪ್ರಯೋಗಗಳನ್ನು ಒಟ್ಟುಗೂಡಿಸಿ 2019ರಲ್ಲಿ ಮಾಡಿದ ಪರಿಶೀಲನೆಯೊಂದು, ವ್ಯಾಯಾಮದಿಂದ ಹಿರಿಯರು ಬೀಳುವ ಪ್ರಮಾಣ ನೂರಕ್ಕೆ 23ರಷ್ಟು ಕಡಿಮೆಯಾಗುತ್ತದೆಂದು ಕಂಡಿತು. ಅದರಲ್ಲಿಯೂ ಸಮತೋಲನದ ವ್ಯಾಯಾಮಗಳಿಗೆ ಅಗ್ರಸ್ಥಾನ.

ಎರಡನೆಯದು, ಸಕ್ಕರೆ ಕಾಯಿಲೆ. ನಾವು ಉಂಡ ಅನ್ನ, ರೊಟ್ಟಿಯ ಸಕ್ಕರೆಯನ್ನು ರಕ್ತದಿಂದ ಎಳೆದುಕೊಳ್ಳುವ ದೊಡ್ಡ ಉಗ್ರಾಣವೆಂದರೆ ಸ್ನಾಯು. ಸ್ನಾಯು ಕರಗಿದರೆ ಉಗ್ರಾಣ ಕಿರಿದಾಗುತ್ತದೆ, ಸಕ್ಕರೆ ರಕ್ತದಲ್ಲೇ ಉಳಿಯುತ್ತದೆ. 2002ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗದಲ್ಲಿ, ಕಾಯಿಲೆಯ ಅಂಚಿನಲ್ಲಿದ್ದವರು ವಾರಕ್ಕೆ 150 ನಿಮಿಷದ ನಡಿಗೆಯಂಥ ಚಟುವಟಿಕೆ, ಮಿತಾಹಾರ, ತೂಕದ ಇಳಿಕೆ ಇವುಗಳನ್ನು ಪಾಲಿಸಿದಾಗ ರೋಗ ಹತ್ತುವುದು ನೂರಕ್ಕೆ 58ರಷ್ಟು ತಗ್ಗಿತು. ಅರವತ್ತು ದಾಟಿದವರಲ್ಲಿ 71ರಷ್ಟು ತಗ್ಗಿತು. ಚೆನ್ನೈಯಲ್ಲಿ ನಡೆದು 2006ರಲ್ಲಿ ಪ್ರಕಟವಾದ ನಮ್ಮ ದೇಶದ ಪ್ರಯೋಗದಲ್ಲಿ, 35ರಿಂದ 55 ವಯಸ್ಸಿನವರಲ್ಲಿ ಇದೇ ಬಗೆಯ ಕ್ರಮದಿಂದ ನೂರಕ್ಕೆ 28.5ರಷ್ಟು ತಗ್ಗಿತು. ಹಳೆಯ ವಿದ್ಯಾರ್ಥಿಗಳು ಈ ಎರಡನೆಯ ಅಂಕಿಯನ್ನು ತಮಗೇ ಹೇಳಿದ್ದೆಂದು ತಿಳಿಯತಕ್ಕದ್ದು.

ಮೂರನೆಯದು ಮನಸ್ಸು, ಮೆದುಳು. 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 120 ಹಿರಿಯರಲ್ಲಿ ಅರ್ಧದಷ್ಟು ಮಂದಿ ಒಂದು ವರ್ಷ ವಾರಕ್ಕೆ ಮೂರು ದಿನ ಚುರುಕಾಗಿ ನಡೆದರು. ನೆನಪಿಗೆ ಸಂಬಂಧಿಸಿದ ಮೆದುಳಿನ ‘ಹಿಪೊಕ್ಯಾಂಪಸ್’ ಎಂಬ ಭಾಗ ವಯಸ್ಸಾದಂತೆ ಕುಗ್ಗುವುದು ಸಹಜ. ನಡೆದವರಲ್ಲಿ ಅದು ನೂರಕ್ಕೆ 2ರಷ್ಟು ಹಿಗ್ಗಿತ್ತು. ಇದಲ್ಲದೆ ರಕ್ತದೊತ್ತಡ ಕೆಲವು ಅಂಕ ಇಳಿಯುವುದು, ನಿದ್ರೆ ಚೆನ್ನಾಗಿ ಬರುವುದು, ಮಲಬದ್ಧತೆ ಕಡಿಮೆಯಾಗುವುದು, ಖಿನ್ನತೆ ಹಗುರವಾಗುವುದು, ಇವೆಲ್ಲ ಅದೇ ಗಿಡದ ಹಣ್ಣುಗಳು.

ಮನೆಯಲ್ಲೇ ಒಂದು ಪರೀಕ್ಷೆ

ಪಾಠದ ಮೊದಲು ವಿದ್ಯಾರ್ಥಿ ಎಲ್ಲಿದ್ದಾನೆಂದು ತಿಳಿಯಬೇಕು. ವೈದ್ಯರು ಬಳಸುವ ಮೂರು ಸರಳ ಪರೀಕ್ಷೆಗಳನ್ನು ಮನೆಯಲ್ಲಿ ಮೊಮ್ಮಕ್ಕಳು ಗಡಿಯಾರ ಹಿಡಿದು ಮಾಡಿಸಬಹುದು. ಯಾರಾದರೊಬ್ಬರು ಮಗ್ಗುಲಲ್ಲಿ ನಿಂತಿರಲಿ.

1. ಕೈಗಳನ್ನು ಎದೆಯ ಮೇಲೆ ಮಡಚಿಕೊಂಡು, ಗೋಡೆಗೆ ತಾಗಿಸಿಟ್ಟ ಕುರ್ಚಿಯಿಂದ ಐದು ಸಲ ಎದ್ದು ಕುಳಿತುಕೊಳ್ಳಿರಿ. 15 ಸೆಕೆಂಡಿಗಿಂತ ಹೆಚ್ಚು ಬೇಕಾದರೆ ಕಾಲಿನ ಬಲ ಕಡಿಮೆಯಾಗಿದೆ ಎಂದರ್ಥ.

2. ನಾಲ್ಕು ಮೀಟರ್ ದೂರವನ್ನು ಎಂದಿನ ನಡಿಗೆಯಲ್ಲಿ ನಡೆಯಿರಿ. 5 ಸೆಕೆಂಡಿನೊಳಗೆ ಮುಗಿದರೆ ಒಳ್ಳೆಯದು. ಅದಕ್ಕಿಂತ ನಿಧಾನವಾದರೆ ಎಚ್ಚರಿಕೆ ಬೇಕು.

3. ಬಾಗಿಲ ಚೌಕಟ್ಟಿನ ಪಕ್ಕದಲ್ಲಿ, ಬೇಕಾದಾಗ ಹಿಡಿದುಕೊಳ್ಳುವಂತೆ, ಒಂಟಿ ಕಾಲಿನ ಮೇಲೆ 10 ಸೆಕೆಂಡು ನಿಲ್ಲಿರಿ. 2022ರಲ್ಲಿ ಪ್ರಕಟವಾದ ಬ್ರೆಜಿಲ್ ದೇಶದ ಅಧ್ಯಯನದಲ್ಲಿ, 51ರಿಂದ 75 ವಯಸ್ಸಿನವರಲ್ಲಿ ಹೀಗೆ ನಿಲ್ಲಲಾರದವರು ಮುಂದಿನ ವರ್ಷಗಳಲ್ಲಿ ಸಾವಿಗೀಡಾದ ಪ್ರಮಾಣ ಹೆಚ್ಚಿತ್ತು.

ನಪಾಸಾದವರು ಹೆದರಬೇಕಾಗಿಲ್ಲ. ಈ ಶಾಲೆಯಲ್ಲಿ ನಪಾಸಾದವರಿಗೆ ಮತ್ತೆ ಮತ್ತೆ ಕುಳಿತುಕೊಳ್ಳುವ ಅವಕಾಶವಿದೆ. ಫಲಿತಾಂಶವನ್ನು ಕ್ಯಾಲೆಂಡರಿನ ಹಿಂದೆ ಬರೆದಿಟ್ಟು ಮೂರು ತಿಂಗಳಿಗೊಮ್ಮೆ ನೋಡಿಕೊಂಡರಾಯಿತು.

ಪಾಠಕ್ರಮ

ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ 65 ದಾಟಿದವರಿಗಾಗಿ ಕೊಟ್ಟ ಸಲಹೆಯಲ್ಲಿ ಮೂರು ಭಾಗಗಳಿವೆ: ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಚುರುಕಿನ ಚಟುವಟಿಕೆ, ವಾರಕ್ಕೆ ಕನಿಷ್ಠ ಎರಡು ದಿನ ಸ್ನಾಯುಬಲದ ವ್ಯಾಯಾಮ, ವಾರಕ್ಕೆ ಕನಿಷ್ಠ ಮೂರು ದಿನ ಸಮತೋಲನಕ್ಕೆ ಒತ್ತುಕೊಡುವ ಬಹುವಿಧ ವ್ಯಾಯಾಮ. ಇದನ್ನು ನಮ್ಮ ಬಾಳಿಗೆ ಹೊಂದಿಸಿಕೊಳ್ಳುವ ಬಗೆ ಹೀಗಿದೆ.

ನಡಿಗೆ: ದಿನಕ್ಕೆ ಅರ್ಧ ತಾಸಿನಂತೆ ವಾರಕ್ಕೆ ಐದು ದಿನ. ಒಮ್ಮೆಲೇ ಆಗದಿದ್ದರೆ ಹತ್ತು ಹತ್ತು ನಿಮಿಷ ಮೂರು ಸಲ. ಚುರುಕು ಎಷ್ಟಿರಬೇಕೆಂದರೆ, ನಡೆಯುತ್ತ ಮಾತನಾಡಲು ಬರಬೇಕು, ಹಾಡಲು ಬರಬಾರದು. ಕುಂಡಯಿ ಏರಿಳಿತದ ಊರು. ಮೊದಲ ತಿಂಗಳು ಸಮತಟ್ಟಾದ ಕಡೆ ನಡೆದು, ಆಮೇಲೆ ಸಣ್ಣ ಏರುಗಳನ್ನು ಸೇರಿಸಿಕೊಳ್ಳಿರಿ. ಪಣಜಿ-ಫೋಂಡಾ ಹೆದ್ದಾರಿಯ ಅಂಚಿನಲ್ಲಿ, ಲಾರಿಗಳ ನಡುವೆ ನಡೆಯುವುದು ಬೇಡ, ಒಳದಾರಿಗಳನ್ನು ಹಿಡಿಯಿರಿ.

ಬಲ: ಕುರ್ಚಿಯಿಂದ ಎದ್ದು ಕುಳಿತುಕೊಳ್ಳುವುದೇ ಮುಖ್ಯ ವ್ಯಾಯಾಮ. ಇದು ಹಿರಿಯರ ಬಸ್ಕಿ. ಮನೆಗೆಲಸ ತಾರದೆ ತರಗತಿಯಲ್ಲಿ ಬಸ್ಕಿ ಹೊಡೆದ ಹಳೆಯ ವಿದ್ಯಾರ್ಥಿಗಳು ಅಂದಿನ ಶಿಕ್ಷೆ ಇಂದು ಔಷಧವಾಗಿ ಬಂದಿದೆಯೆಂದು ನಗಬಹುದು. ಎಂಟು ಹತ್ತು ಸಲ ಮಾಡಿ, ಎರಡು ನಿಮಿಷ ಸುಧಾರಿಸಿಕೊಂಡು, ಇನ್ನೊಂದು ಸಲ ಅಷ್ಟೇ. ಎರಡನೆಯದು, ಗೋಡೆಗೆ ಅಂಗೈ ಊರಿ ಎದೆಯನ್ನು ಗೋಡೆಯ ಹತ್ತಿರಕ್ಕೆ ತಂದು ಹಿಂದಕ್ಕೆ ತಳ್ಳುವುದು. ಇದು ಹಿರಿಯರ ದಂಡ. ಮೂರನೆಯದು, ಕುರ್ಚಿಯ ಬೆನ್ನು ಹಿಡಿದು ಹಿಮ್ಮಡಿ ಎತ್ತಿ ತುದಿಗಾಲಿನಲ್ಲಿ ನಿಂತು ಇಳಿಯುವುದು. ನಾಲ್ಕನೆಯದು, ನೀರು ತುಂಬಿದ ಒಂದು ಲೀಟರಿನ ಬಾಟಲಿಯನ್ನು ಎರಡೂ ಕೈಗಳಿಂದ ಸರದಿಯಂತೆ ಎತ್ತಿಳಿಸುವುದು. ಅದು ಒಂದು ಕಿಲೋ ತೂಗುತ್ತದೆ. ಹತ್ತು ಸಲ ಸುಲಭವೆನಿಸಿದ ದಿನ ಹನ್ನೆರಡಕ್ಕೆ ಏರಿಸಿರಿ, ಅದೂ ಸುಲಭವಾದರೆ ಭಾರವನ್ನು ಹೆಚ್ಚಿಸಿರಿ. ಗರಡಿಯ ಗುಟ್ಟೇ ಈ ಏರಿಕೆ. ಹತ್ತು ವರ್ಷ ಅದೇ ಬಾಟಲಿಯನ್ನೇ ಎತ್ತುತ್ತಿದ್ದರೆ ಬಲ ಅಲ್ಲಿಯೇ ನಿಲ್ಲುತ್ತದೆ.

ಸಮತೋಲನ: ಗೋಡೆಯ ಪಕ್ಕದಲ್ಲಿ ಒಂದು ಪಾದದ ಬೆರಳಿಗೆ ಇನ್ನೊಂದರ ಹಿಮ್ಮಡಿ ತಾಗಿಸುತ್ತ ಗೆರೆ ಹಿಡಿದಂತೆ ಹತ್ತು ಹೆಜ್ಜೆ ನಡೆಯುವುದು. ಹಿಡಿದುಕೊಂಡು ಒಂಟಿ ಕಾಲಲ್ಲಿ ನಿಲ್ಲುವುದು. ರೂಢಿಯಾದಂತೆ ಹಿಡಿತವನ್ನು ಒಂದೇ ಕೈಗೆ, ಆಮೇಲೆ ಒಂದೇ ಬೆರಳಿಗೆ ಇಳಿಸುವುದು.

ಮಳೆಗಾಲ: ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋವಾದ ಮಳೆ ಹಿರಿಯರನ್ನು ಮನೆಯೊಳಗೆ ಕೂರಿಸುತ್ತದೆ. ನಾಲ್ಕು ತಿಂಗಳು ಕುಳಿತ ಕಾಲು ದಸರೆಯ ಹೊತ್ತಿಗೆ ನಡುಗುತ್ತದೆ. ಪಾಚಿ ಹಿಡಿದ ಅಂಗಳದಲ್ಲಿ ಜಾರಿ ಬೀಳುವುದೂ ಆಗಲೇ. ಆದುದರಿಂದ ಮಳೆಗಾಲದಲ್ಲಿ ಬಲ ಮತ್ತು ಸಮತೋಲನದ ಪಾಠಗಳನ್ನು ಬಿಡದೆ, ನಡಿಗೆಯ ಬದಲು ಪಡಸಾಲೆಯಲ್ಲಿ ನಿಂತಲ್ಲೇ ಹೆಜ್ಜೆ ಹಾಕಬೇಕು.

ಆಹಾರ: ವ್ಯಾಯಾಮ ಮಾಡಿ ಗಂಜಿ ಮಾತ್ರ ಕುಡಿದರೆ ಸ್ನಾಯು ಬೆಳೆಯದು. ಹಿರಿಯರಿಗೆ ದೇಹತೂಕದ ಕಿಲೋ ಒಂದಕ್ಕೆ ದಿನಕ್ಕೆ 1ರಿಂದ 1.2 ಗ್ರಾಂ ಸಸಾರಜನಕ ಬೇಕೆಂದು ತಜ್ಞರು ಹೇಳುತ್ತಾರೆ. ರೊಟ್ಟಿಯ ಜೊತೆ ಹೆಸರುಕಾಳು, ಮಡಕೆಕಾಳಿನ ಪಲ್ಯ, ಶೇಂಗಾ ಹಿಂಡಿ, ಮೊಸರು. ತಿನ್ನುವವರಿಗೆ ಮೊಟ್ಟೆ, ಗೋವಾದ ಮೀನು. ಮೂತ್ರಪಿಂಡದ ಕಾಯಿಲೆ ಇದ್ದವರು ಮಾತ್ರ ವೈದ್ಯರನ್ನು ಕೇಳಿ ತಿನ್ನಬೇಕು.

ಎಚ್ಚರಿಕೆಗಳು

ಹೃದ್ರೋಗ, ಅತಿಯಾದ ರಕ್ತದೊತ್ತಡ, ಇತ್ತೀಚಿನ ಶಸ್ತ್ರಚಿಕಿತ್ಸೆ ಇರುವವರು ವೈದ್ಯರನ್ನು ಕಂಡು ಆರಂಭಿಸಬೇಕು. ಎದೆ ಬಿಗಿತ, ಎಡಗೈಗೆ ಅಥವಾ ದವಡೆಗೆ ಹರಡುವ ನೋವು, ತಲೆಸುತ್ತು, ಮಾತಾಡಲಾರದಷ್ಟು ಏದುಸಿರು ಬಂದರೆ ಆ ಕ್ಷಣವೇ ನಿಲ್ಲಿಸಿ ಆಸ್ಪತ್ರೆಗೆ ಹೋಗಬೇಕು. ಭಾರ ಎತ್ತುವಾಗ ಉಸಿರು ಕಟ್ಟಬಾರದು; ಎತ್ತುವಾಗ ಉಸಿರು ಬಿಡಬೇಕು. ಸಕ್ಕರೆಗೆ ಇನ್ಸುಲಿನ್ ಅಥವಾ ಗುಳಿಗೆ ತೆಗೆದುಕೊಳ್ಳುವವರು ಬರಿಹೊಟ್ಟೆಯಲ್ಲಿ ದೂರ ನಡೆಯಬಾರದು, ಕಿಸೆಯಲ್ಲಿ ಬೆಲ್ಲದ ತುಂಡಿರಲಿ. ಮೊಣಕಾಲು ನೋವಿದೆಯೆಂದು ಕೂತುಬಿಡುವುದು ತರವಲ್ಲ. ಸವೆದ ಮೊಣಕಾಲಿಗೆ ತೊಡೆಯ ಸ್ನಾಯುವೇ ಊರುಗೋಲು. ಅದನ್ನು ಬಲಪಡಿಸಿದರೆ ನೋವು ತಗ್ಗುತ್ತದೆಂದು ವೈದ್ಯರು ಈಗ ಒತ್ತಿ ಹೇಳುತ್ತಾರೆ. ವ್ಯಾಯಾಮದ ಮರುದಿನ ಮೈ ಸ್ವಲ್ಪ ನೊಂದರೆ ಸಹಜ. ಕೀಲು ಊದಿಕೊಂಡರೆ ಪ್ರಮಾಣ ಕಡಿಮೆ ಮಾಡಬೇಕು.

ತಾಯಂದಿರಲ್ಲಿ ಒಂದು ಮಾತು

ಮುಟ್ಟು ನಿಂತ ಮೇಲೆ ಹೆಂಗಸರ ಎಲುಬು ಗಂಡಸರಿಗಿಂತ ವೇಗವಾಗಿ ಟೊಳ್ಳಾಗುತ್ತದೆ. ಎಲುಬಿಗೆ ಭಾರ ಬಿದ್ದಾಗಲೇ ಅದು ಗಟ್ಟಿಯಾಗಿ ಉಳಿಯುವುದು. ಆದರೂ ಬೆಳಗಿನ ನಡಿಗೆಯಲ್ಲಿ ಕಾಣುವವರು ಹೆಚ್ಚಾಗಿ ಗಂಡಸರೇ. ‘ಮುದುಕಿ ಆಗಿ ರಸ್ತಾದಾಗ ಕಸರತ್ತು ಮಾಡಿದರ ಮಂದಿ ಏನಂದಾರು’ ಎಂಬ ಸಂಕೋಚ ಅಡ್ಡ ಬರುತ್ತದೆ. ಮೇಲೆ ಹೇಳಿದ ಬಲದ ವ್ಯಾಯಾಮಗಳೆಲ್ಲ ಅಡುಗೆಮನೆಯ ಬಾಗಿಲಲ್ಲಿ, ಸೀರೆ ಉಟ್ಟೇ ಮಾಡುವಂಥವು. ಸೊಸೆಯಂದಿರಲ್ಲಿಯೂ ಒಂದು ವಿನಂತಿ. ಅತ್ತೆಯ ಮೇಲಿನ ಪ್ರೀತಿಯಿಂದ ಅವರ ಕೈಯಿಂದ ಎಲ್ಲ ಕೆಲಸ ಕಸಿದುಕೊಳ್ಳಬೇಡಿರಿ. ‘ನೀವು ಕೂತಿರ್ರಿ ಅತ್ತಿ, ನಾ ತರತೀನಿ’ ಎಂಬುದು ಆದರದ ಮಾತೇ ಸರಿ. ಆದರೆ ದಿನಕ್ಕೆ ಹತ್ತು ಸಲ ಆಡಿದರೆ ಅವರ ಕಾಲುಗಳಿಗೆ ಒಳ್ಳೆಯದಲ್ಲ.

ಆಡಳಿತ ಮಂಡಳಿಯವರಲ್ಲಿ ವಿನಂತಿ

2011ರ ಜನಗಣತಿಯಲ್ಲಿ ಅರವತ್ತು ದಾಟಿದವರ ಪ್ರಮಾಣ ದೇಶದಲ್ಲಿ ನೂರಕ್ಕೆ 8.6 ಇದ್ದರೆ ಗೋವಾದಲ್ಲಿ 11.2 ಇತ್ತು, ಕೇರಳವನ್ನು ಬಿಟ್ಟರೆ ರಾಜ್ಯಗಳಲ್ಲಿ ಗೋವಾದ್ದೇ ಹೆಚ್ಚು. ದುಡಿಯಲು ಬಂದ ನಮ್ಮವರಲ್ಲಿ ಊರಿಗೆ ಮರಳದೆ ಇಲ್ಲಿಯೇ ನೆಲೆನಿಂತವರೂ ಆ ಎಣಿಕೆಯಲ್ಲಿದ್ದಾರೆ, ಮುಂದೆ ಇನ್ನೂ ಹೆಚ್ಚಾಗಿ ಇರುತ್ತಾರೆ.

ವ್ಯಾಯಾಮವನ್ನು ಒಬ್ಬನೇ ಆರಂಭಿಸುವುದು ಸುಲಭ, ಒಬ್ಬನೇ ಮುಂದುವರಿಸುವುದು ಕಷ್ಟ. ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಕವಾಯತು ಮಾಡಿಸಿದವರಿಗೆಲ್ಲ ಈ ಗುಟ್ಟು ಗೊತ್ತು. ಪಕ್ಕದವನು ಕೈ ಎತ್ತಿದರೆ ನಮ್ಮ ಕೈಯೂ ಏಳುತ್ತದೆ. ಆದಕಾರಣ ಶಾಲೆಯ ಆಡಳಿತ ಮಂಡಳಿಯವರಲ್ಲಿ ನನ್ನ ವಿನಂತಿ ಇಷ್ಟೇ: ಸುವರ್ಣ ಮಹೋತ್ಸವದ ನೆನಪಿಗಾಗಿ, ವಾರದಲ್ಲಿ ಮೂರು ದಿನ, ಬೆಳಿಗ್ಗೆ ಆರೂವರೆಯಿಂದ ಏಳೂಕಾಲರವರೆಗೆ, ಪ್ರಾರ್ಥನೆಯ ಗಂಟೆಗೆ ಮುಂಚೆ, ಶಾಲೆಯ ಅಂಗಳವನ್ನು ಹಿರಿಯರಿಗಾಗಿ ತೆರೆದಿಡಬೇಕು. ಮಳೆಗಾಲದಲ್ಲಿ ಒಂದು ಕೊಠಡಿ ಸಾಕು. ಇಪ್ಪತ್ತು ಕುರ್ಚಿ, ಒಂದು ಗೋಡೆ, ನೀರು ತುಂಬಿದ ನಲವತ್ತು ಬಾಟಲಿ; ಇದಕ್ಕಿಂತ ಹೆಚ್ಚಿನ ಸಲಕರಣೆ ಬೇಡ. ಹಳೆಯ ವಿದ್ಯಾರ್ಥಿಗಳಲ್ಲಿ ಶುಶ್ರೂಷೆಯ ಕೆಲಸದಲ್ಲಿರುವವರು ತಿಂಗಳಿಗೊಮ್ಮೆ ಬಂದು ರಕ್ತದೊತ್ತಡ ನೋಡಿ, ಮೇಲೆ ಹೇಳಿದ ಮೂರು ಪರೀಕ್ಷೆಗಳನ್ನು ನಡೆಸಿ, ಒಂದು ವಹಿಯಲ್ಲಿ ಬರೆದಿಟ್ಟರೆ ಸಾಕು.

ಅಪ್ಪಣೆಯಾದರೆ ಹಾಜರಿ ಪುಸ್ತಕವನ್ನು ಇಡುವ ಕೆಲಸವನ್ನು ನಾನು ಸಂತೋಷದಿಂದ ವಹಿಸಿಕೊಳ್ಳುತ್ತೇನೆ. ಮೊದಲ ಹೆಸರು ನನ್ನದೇ ಇರಲಿ. ಎರಡನೆಯ ಹೆಸರನ್ನು ಬರೆಸಲು ಯಾರು ಬರುತ್ತೀರೆಂದು ಕಾದಿರುತ್ತೇನೆ.